ಹೊಳೆ ಇಳಿದ ಮೊದಲ ವಾರ

ಮುಧೋಳದಲ್ಲಿ ಹೊಳೆ ಬಂದದ್ದನ್ನು ಮೊದಲು ಹೇಳುವುದು ಯಾದವಾಡ ಸೇತುವೆ. ಘಟಪ್ರಭೆಯ ನೀರು ಅದರ ಮೇಲೇರಿತೆಂದರೆ ಸಂಚಾರ ಬಂದ್. ಮಾಚಕನೂರಿನ ಹೊಳೆಬಸವೇಶ್ವರ ಗುಡಿಯನ್ನು ನೀರು ಸುತ್ತುತ್ತದೆ. ದಂಡೆಯ ಊರುಗಳಲ್ಲಿ ದನಕರು ಬಿಚ್ಚಿ ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋಗುವ ಗಡಿಬಿಡಿ ಶುರುವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಹಾಗಾಯಿತು, 2021ರ ಜುಲೈನಲ್ಲಿ ಆಯಿತು, 2024ರ ಜುಲೈನಲ್ಲೂ ಆಯಿತು. ಜಮಖಂಡಿ, ರಬಕವಿ-ಬನಹಟ್ಟಿ ಕಡೆಯವರಿಗೆ ಇದೇ ಸಂಕಟ ಕೃಷ್ಣೆಯಿಂದ ಬರುತ್ತದೆ. ಬೀಳಗಿ ತಾಲ್ಲೂಕಿಗೆ ಎರಡೂ ನದಿಗಳ ಪಾಲು ಉಂಟು.

ನೀರು ಏರಿದ ದಿನಗಳಲ್ಲಿ ಸರ್ಕಾರ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೋಟು ಬರುತ್ತದೆ, ಶಾಲೆಯಲ್ಲಿ ಅನ್ನ ಬೇಯುತ್ತದೆ, ಮಂತ್ರಿಗಳು ಬಂದು ಹೋಗುತ್ತಾರೆ. ನೀರು ಇಳಿದು ಹದಿನೈದು ದಿನವಾದ ಮೇಲೆ ಅದೇ ಸರ್ಕಾರ ಒಂದು ಕಡತವಾಗಿ, ಒಂದು ಯಾದಿಯಾಗಿ, ಮೊಬೈಲಿಗೆ ಬರಬೇಕಾದ ಒಂದು ಸಂದೇಶವಾಗಿ ಉಳಿಯುತ್ತದೆ. ಬಿದ್ದ ಮನೆಗೆ, ಕೊಳೆತ ಬೆಳೆಗೆ ಏನು ಸಿಗುತ್ತದೆ ಎಂಬುದರ ಬಹುಪಾಲು ನೀರು ಇಳಿದ ಮೊದಲ ವಾರದಲ್ಲಿ ಬರೆಯುವ ಪಂಚನಾಮೆಯಲ್ಲೇ ತೀರ್ಮಾನವಾಗಿ ಹೋಗುತ್ತದೆ. ಆ ವಾರ ಏನು ಮಾಡಬೇಕು, ಯಾರ ಹತ್ತಿರ ಹೋಗಬೇಕು, ನಿಮಗೆ ಹಕ್ಕಾಗಿ ಬರಬೇಕಾದದ್ದು ಎಷ್ಟು ಎಂಬುದನ್ನು ಹೊಳೆ ದಂಡೆಯ ಪ್ರತಿ ಮನೆಯೂ ತಿಳಿದಿರಬೇಕು.

ನೀರಿನ ಸುದ್ದಿ ಓದುವ ಬಗೆ

ಘಟಪ್ರಭೆಗೆ ಹಿಡಕಲ್‌ನಲ್ಲಿ 51 ಟಿಎಂಸಿ ಅಡಿಯ ಜಲಾಶಯವಿದೆ. ಹಾಗೆಂದು ‘ಡ್ಯಾಮಿನಿಂದ ನೀರು ಬಿಟ್ಟಿಲ್ಲ’ ಎಂಬ ಸುದ್ದಿ ಕೇಳಿ ನಿಶ್ಚಿಂತೆಯಾಗಿ ಮಲಗುವಂತಿಲ್ಲ. ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳು ಹಿಡಕಲ್ ದಾಟಿದ ಮೇಲೆಯೇ ಘಟಪ್ರಭೆಯನ್ನು ಸೇರುತ್ತವೆ. ಸಹ್ಯಾದ್ರಿಯ ಅಂಚಿನಲ್ಲಿ ನಾಲ್ಕು ದಿನ ಮಳೆ ಹಿಡಿದರೆ ಈ ಎರಡೇ ನದಿಗಳು ಮುಧೋಳಕ್ಕೆ ಹೊಳೆ ತರಬಲ್ಲವು. ಆದ್ದರಿಂದ ಹಿಡಕಲ್‌ನ ಹೊರಹರಿವಿನ ಜೊತೆಗೆ ಈ ಎರಡು ನದಿಗಳ ಹರಿವನ್ನೂ ಕೇಳಿ ತಿಳಿದುಕೊಳ್ಳಬೇಕು. ಗೋಕಾಕದ ಲೋಳಸೂರ ಸೇತುವೆ ಮುಳುಗಿತೆಂದರೆ ಆ ನೀರು ಮುಧೋಳದ ದಾರಿ ಹಿಡಿದಿದೆ ಎಂದೇ ಲೆಕ್ಕ. ಕೃಷ್ಣೆಯ ದಂಡೆಯವರು ಕೊಯ್ನಾ ಜಲಾಶಯದ ಹೊರಹರಿವು, ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನ ಹರಿವು, ಹಿಪ್ಪರಗಿ ಬ್ಯಾರೇಜಿನ ಮಟ್ಟ ಈ ಮೂರನ್ನು ಗಮನಿಸುತ್ತಿರಬೇಕು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲೆಯ ಹೊಣೆ ಜಿಲ್ಲಾಧಿಕಾರಿಯದು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ತಾಲ್ಲೂಕಿನಲ್ಲಿ ತಹಶೀಲ್ದಾರರು, ಊರಿನಲ್ಲಿ ತಲಾಠಿ ಮತ್ತು ಪಿಡಿಒ ಕೆಲಸ ನಡೆಸುತ್ತಾರೆ. ತಲಾಠಿಗೆ ಈಗಿನ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ. ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ರಾಜ್ಯದ್ದಕ್ಕೆ 1070, ಜೀವಕ್ಕೆ ಅಪಾಯವಿದ್ದರೆ 112, ಕರೆಂಟಿನ ತಂತಿ ಬಿದ್ದಿದ್ದರೆ ಹೆಸ್ಕಾಂನ 1912. ಮಳೆಯ ಮುನ್ಸೂಚನೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ ಇದೆ: 92433 45433. ಈ ನಂಬರುಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡರೆ ಸಾಲದು, ಗೋಡೆಯ ಮೇಲೂ ಬರೆದಿಡಿ. ಹೊಳೆ ಬಂದಾಗ ಮೊದಲು ಕೈಕೊಡುವುದು ಚಾರ್ಜು.

ಊರು ಬಿಡಿ ಎಂದು ಪಂಚಾಯಿತಿ ಡಂಗುರ ಹೊಡೆಸಿದ ಮೇಲೆ ತಡ ಮಾಡಬಾರದು. ಹಿಂದಿನ ಬಾರಿ ನಮ್ಮ ಕಟ್ಟೆಯವರೆಗೂ ನೀರು ಬಂದಿರಲಿಲ್ಲ ಎಂದು ಕುಳಿತವರನ್ನೇ ಮರುದಿನ ಬೋಟಿನಲ್ಲಿ ಹೊರತರಬೇಕಾಗುತ್ತದೆ. ಹೊರಡುವಾಗ ಒಂದು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಹೊಲದ ಉತಾರ, ಮನೆಯ ಪಂಚಾಯಿತಿ ಉತಾರ, ಮಕ್ಕಳ ಅಂಕಪಟ್ಟಿ, ಔಷಧದ ಚೀಟಿ ಇರಲಿ. ಅದಕ್ಕೂ ಮೊದಲು, ಬಿಸಿಲು ಇದ್ದಾಗಲೇ, ಇವೆಲ್ಲದರ ಫೋಟೊ ತೆಗೆದು ಬೇರೆ ಊರಿನಲ್ಲಿರುವ ಮಗಳಿಗೋ ತಮ್ಮನಿಗೋ ಕಳಿಸಿಟ್ಟಿರಿ.

ಕಾಳಜಿ ಕೇಂದ್ರದಲ್ಲಿ ಹೆಸರು ಬರೆಸಿ

ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದುದನ್ನು ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ಅಲ್ಲಿ ಊಟ, ಹಾಸಿಗೆ, ವೈದ್ಯರ ತಪಾಸಣೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಜಾಗ, ದನಗಳಿಗೆ ಮೇವು ಇವೆಲ್ಲ ಸರ್ಕಾರದ ಹೊಣೆ. ಕೇಳುವುದಕ್ಕೆ ಸಂಕೋಚ ಬೇಡ. ನಮ್ಮ ಕಡೆ ಮಾನಸ್ಥ ಮನೆತನಗಳು ಕೇಂದ್ರಕ್ಕೆ ಹೋಗಲು ಹಿಂಜರಿದು ಬೀಗರ ಮನೆಗೋ ತೋಟದ ಮನೆಗೋ ಹೋಗುತ್ತವೆ. ಹೋಗಲಿ, ತಪ್ಪಿಲ್ಲ. ಆದರೆ ಹೋಗುವ ಮುಂಚೆ ತಲಾಠಿಯ ಹತ್ತಿರ ಬಾಧಿತರ ಯಾದಿಯಲ್ಲಿ ಹೆಸರು ಬರೆಸಬೇಕು. ಎಲ್ಲಿ ಉಳಿದಿದ್ದೀರಿ, ಮನೆಯಲ್ಲಿ ಎಷ್ಟು ಜನ, ಎಷ್ಟು ದನ ಎಂದು ಹೇಳಬೇಕು. ‘ಆಗ ನೀವು ಊರಲ್ಲೇ ಇರಲಿಲ್ಲವಲ್ಲ’ ಎಂಬ ಮಾತನ್ನು ಆಮೇಲೆ ಕೇಳಬೇಕಾಗಿ ಬಂದರೆ ಉತ್ತರ ಕೊಡುವುದು ಕಷ್ಟ.

ನೀರು ಹೊಕ್ಕ ಮನೆಗೆ ಮೊದಲು ಸಿಗುವುದು ಬಟ್ಟೆ ಮತ್ತು ಪಾತ್ರೆಗಳ ನಷ್ಟದ ತುರ್ತು ಪರಿಹಾರ. 2022-26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ ಇದು ಕುಟುಂಬಕ್ಕೆ 2,500 ಮತ್ತು 2,500, ಒಟ್ಟು 5,000 ರೂಪಾಯಿ. 2019ರಲ್ಲಿ ಮಾರ್ಗಸೂಚಿಯ ಮೊತ್ತ 3,800 ಇತ್ತು. ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಸೇರಿಸಿ 10,000 ಕೊಟ್ಟಿತು. ಈ ಒಂದು ಉದಾಹರಣೆಯಲ್ಲೇ ವ್ಯವಸ್ಥೆಯ ಗುಟ್ಟಿದೆ. ಕೇಂದ್ರದ ಮಾರ್ಗಸೂಚಿ ಕನಿಷ್ಠ ಮೊತ್ತವನ್ನು ಹೇಳುತ್ತದೆ. ಅದರ ಮೇಲೆ ಎಷ್ಟು ಸೇರಿಸಬೇಕೆಂದು ಆಯಾ ವರ್ಷದ ರಾಜ್ಯ ಸರ್ಕಾರ ಆದೇಶ ಹೊರಡಿಸುತ್ತದೆ. ಹಾಗಾಗಿ ಹೋದ ಸಲ ಪಕ್ಕದ ಮನೆಯವರಿಗೆ ಎಷ್ಟು ಬಂತು ಎಂದು ಕೇಳುವ ಬದಲು ಈ ವರ್ಷದ ಆದೇಶ ಏನು ಹೇಳುತ್ತದೆ ಎಂದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ.

ಒಂದೇ ಮನೆಯಲ್ಲಿ ಎರಡು ಒಲೆ ಉರಿಯುವುದು ನಮ್ಮಲ್ಲಿ ಸಾಮಾನ್ಯ. ಅಣ್ಣತಮ್ಮಂದಿರು ಬೇರೆಯಾಗಿ ಹತ್ತು ವರ್ಷವಾದರೂ ರೇಷನ್ ಕಾರ್ಡು ಒಂದೇ ಇದ್ದರೆ ಸರ್ಕಾರದ ಲೆಕ್ಕದಲ್ಲಿ ಅದು ಒಂದೇ ಕುಟುಂಬ. ಕಾರ್ಡು ಬೇರೆ ಮಾಡಿಸುವ ಕೆಲಸವನ್ನು ಮಳೆಗಾಲದ ಮುಂಚೆಯೇ ಮುಗಿಸಿ.

ಪಂಚನಾಮೆಯ ದಿನ

ನೀರು ಇಳಿದು ಮನೆಗೆ ಮರಳಿದಾಗ ಎಲ್ಲರೂ ಮೊದಲು ಮಾಡುವ ಕೆಲಸ ಕೆಸರು ತೆಗೆದು ತೊಳೆಯುವುದು. ದಯವಿಟ್ಟು ಒಂದು ಗಳಿಗೆ ತಡೆಯಿರಿ. ಕಸಬರಿಗೆ ಹಿಡಿಯುವ ಮೊದಲು ಮೊಬೈಲು ಹಿಡಿಯಿರಿ. ಗೋಡೆಯ ಮೇಲೆ ನೀರು ಎಷ್ಟು ಎತ್ತರ ನಿಂತಿತ್ತು ಎಂಬ ಗೆರೆ, ಬಿರುಕು ಬಿಟ್ಟ ಮೂಲೆ, ಕುಸಿದ ಮೇಲ್ಮುದ್ದೆ, ನೆಂದ ಕಾಳಿನ ಚೀಲ, ಕೊಟ್ಟಿಗೆ, ಸತ್ತ ದನ ಎಲ್ಲದರ ಫೋಟೊ ತೆಗೆಯಿರಿ. ಪ್ರತಿ ಫೋಟೊದಲ್ಲೂ ಮನೆಯವರೊಬ್ಬರು ನಿಂತಿರಲಿ, ಮನೆಯ ನಂಬರು ಕಾಣಲಿ. ಜಾಗ ಮತ್ತು ದಿನಾಂಕ ಮೂಡುವ ಕ್ಯಾಮೆರಾ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು.

ದನ ಸತ್ತಿದ್ದರೆ ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆಯಾಗಬೇಕು, ಕಿವಿಯ ಓಲೆಯ ನಂಬರು ದಾಖಲಾಗಬೇಕು. ಹರಿದು ಹೋದ ದನಕ್ಕೆ ಸಾಕ್ಷಿದಾರರ ಸಹಿಯುಳ್ಳ ಪಂಚನಾಮೆಯೇ ಆಧಾರ. 2022-26ರ ಮಾರ್ಗಸೂಚಿಯಲ್ಲಿ ಹಾಲು ಕೊಡುವ ಎಮ್ಮೆ ಅಥವಾ ಆಕಳಿಗೆ 37,500, ಎತ್ತಿಗೆ 32,000, ಕರುವಿಗೆ 20,000, ಕುರಿ-ಮೇಕೆಗೆ 4,000 ರೂಪಾಯಿ ಇದೆ. ಒಂದು ಮನೆಗೆ ಇಷ್ಟೇ ಎಂಬ ಮಿತಿಯೂ ಇದೆ: ಹಾಲಿನ ದೊಡ್ಡ ದನವಾದರೆ ಮೂರು, ಕುರಿ-ಮೇಕೆಯಾದರೆ ಮೂವತ್ತು.

ಜೀವಹಾನಿಯಾದ ಮನೆಯವರ ಮುಂದೆ ಕಾಗದದ ಮಾತು ಆಡುವುದು ಕಠಿಣ, ಆದರೂ ಹೇಳಲೇಬೇಕು. ಪೊಲೀಸ್ ದೂರು ಮತ್ತು ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಪರಿಹಾರದ ಕಡತ ಮುಂದೆ ಸರಿಯುವುದಿಲ್ಲ. ಕೇಂದ್ರದ ಮಾರ್ಗಸೂಚಿಯ 4 ಲಕ್ಷಕ್ಕೆ ಕರ್ನಾಟಕ 1 ಲಕ್ಷ ಸೇರಿಸಿ 5 ಲಕ್ಷ ರೂಪಾಯಿ ಕೊಡುತ್ತ ಬಂದಿದೆ. ಪ್ರವಾಹದಲ್ಲಿ ಗಾಯಗೊಂಡು ಒಂದು ವಾರಕ್ಕಿಂತ ಹೆಚ್ಚು ದಿನ ಆಸ್ಪತ್ರೆಯಲ್ಲಿದ್ದವರಿಗೆ 16,000, ಅದಕ್ಕಿಂತ ಕಡಿಮೆ ದಿನ ಇದ್ದವರಿಗೆ 5,400 ರೂಪಾಯಿ. ಈ ಗಾಯಾಳುಗಳ ಪರಿಹಾರವನ್ನು ಕೇಳುವವರೇ ಕಡಿಮೆ.

ಅರ್ಜಿಯನ್ನು ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬಿಳಿ ಹಾಳೆಯ ಮೇಲೆ ಬರೆದು ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿಯ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ತಲಾಠಿಯ ಮುಖ ಪರಿಚಯವಿದೆಯೆಂದು ‘ಸಾಹೇಬ್ರ, ನಮ್ಮನಿ ಬಿದ್ದೈತಿ ನೋಡ್ರಿ’ ಎಂದು ಹೇಳಿ ನೆಮ್ಮದಿಯಾಗಿ ಬರುತ್ತೇವೆ. ನಾಲ್ಕಾರು ಊರುಗಳ ಹೊಣೆ ಹೊತ್ತು ರಾತ್ರಿ ಹಗಲು ಓಡಾಡುತ್ತಿರುವ ಆ ನೌಕರನಿಗೂ ಬರಹದ ಅರ್ಜಿ ನೆನಪಿಗೆ ನೆರವಾಗುತ್ತದೆ. ಪಂಚನಾಮೆಗೆ ಸಹಿ ಹಾಕುವ ಮುಂಚೆ ಅದನ್ನು ಓದಿಸಿ ಕೇಳಿ. ಮನೆಯ ಎಷ್ಟು ಭಾಗ ಹಾನಿ, ಹೊಲದ ಎಷ್ಟು ಗುಂಟೆ ಹಾನಿ ಎಂದು ಬರೆದಿದ್ದಾರೆ ಎಂಬುದು ನಿಮಗೆ ಗೊತ್ತಿರಲೇಬೇಕು.

ಮನೆ: ಎ, ಬಿ, ಸಿ

2019ರ ಪ್ರವಾಹದ ನಂತರ ನಮ್ಮ ಭಾಗದಲ್ಲಿ ಅತಿ ಹೆಚ್ಚು ತಕರಾರು ಎದ್ದದ್ದು ಈ ಮೂರು ಅಕ್ಷರಗಳ ಮೇಲೆ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹಾನಿಯಾದ ಮನೆ ಎ ವರ್ಗ, ಶೇ 25ರಿಂದ 75ರವರೆಗೆ ಬಿ, ಶೇ 15ರಿಂದ 25ರವರೆಗೆ ಸಿ. ಎ ವರ್ಗಕ್ಕೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆಗ ಕೇಂದ್ರದ ಮಾರ್ಗಸೂಚಿಯಲ್ಲಿದ್ದದ್ದು 95,100 ಮಾತ್ರ. 2022-26ರ ಮಾರ್ಗಸೂಚಿಯಲ್ಲಿ ಅದು 1.20 ಲಕ್ಷವಾಯಿತು. ಭಾಗಶಃ ಹಾನಿಗೊಂಡ ಪಕ್ಕಾ ಮನೆಗೆ ಅಲ್ಲಿ 6,500, ಕಚ್ಚಾ ಮನೆಗೆ 4,000, ದನದ ಕೊಟ್ಟಿಗೆಗೆ 3,000 ರೂಪಾಯಿ ಎಂದಿದೆ. ಅಕ್ಷರ ಒಂದು ಬದಲಾದರೆ ಒಂದು ಸಂಸಾರದ ಮುಂದಿನ ಹತ್ತು ವರ್ಷ ಬದಲಾಗುತ್ತದೆ.

ಮಣ್ಣಿನ ಮನೆಗಳ ವಿಷಯದಲ್ಲಿ ಸಮೀಕ್ಷೆ ಎಡವುವುದು ಇಲ್ಲೇ. ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗ ಬೀಳದೇ ಇರಬಹುದು. ನೀರು ಇಳಿದು ಬಿಸಿಲು ಬಿದ್ದು ಗೋಡೆ ಆರತೊಡಗಿದಾಗ ಬುಡ ಸಡಿಲಾಗಿ ಮೇಲ್ಮುದ್ದೆಯ ಭಾರಕ್ಕೆ ಕುಸಿಯುತ್ತದೆ. ಮೊದಲ ವಾರದಲ್ಲಿ ಬಂದ ಇಂಜಿನಿಯರ್ ಅದನ್ನು ಸಿ ಎಂದು ಬರೆದು ಹೋಗಿರುತ್ತಾರೆ. ಮೂರನೇ ವಾರ ಮನೆ ನೆಲಕ್ಕೆ ಬಿದ್ದಿರುತ್ತದೆ, ಅಷ್ಟರಲ್ಲಿ ಯಾದಿ ಮೇಲಕ್ಕೆ ಹೋಗಿರುತ್ತದೆ. ನಿಮ್ಮ ಮನೆಯ ಬುಡ ನೆಂದಿದ್ದರೆ ಸಮೀಕ್ಷೆಗೆ ಬಂದವರಿಗೆ ಗೋಡೆಯ ಕೆಳಭಾಗವನ್ನು ತೋರಿಸಿ. ‘ಬುಡ ನೆಂದಿದೆ, ವಾಸಕ್ಕೆ ಯೋಗ್ಯವಲ್ಲ’ ಎಂದು ಪಂಚನಾಮೆಯಲ್ಲಿ ಬರೆಯಲು ಒತ್ತಾಯಿಸಿ. ಆಮೇಲೆ ಬಿದ್ದರೆ ಅದೇ ದಿನ ಫೋಟೊ ಸಹಿತ ಹೊಸ ಅರ್ಜಿ ಕೊಟ್ಟು ಮರುಸಮೀಕ್ಷೆ ಕೇಳಿ. ಅಂಥ ಮನೆಯೊಳಗೆ ಮಲಗಬೇಡಿ. ಹಿಂದೆ ನೀರಿನಿಂದ ಪಾರಾದವರು ಆಮೇಲೆ ಗೋಡೆ ಕುಸಿದು ಸತ್ತದ್ದುಂಟು.

ಮರುಸಮೀಕ್ಷೆಗೆ ಅವಕಾಶ ಕೊಡುವುದನ್ನು ಸರ್ಕಾರ ತನ್ನ ಆದೇಶದಲ್ಲೇ ಸೇರಿಸಬೇಕು. ನೀರು ಇಳಿದು ಒಂದು ತಿಂಗಳ ನಂತರ ಮಣ್ಣಿನ ಮನೆಗಳನ್ನು ಇನ್ನೊಮ್ಮೆ ನೋಡುವ ನಿಯಮವೊಂದಿದ್ದರೆ ಅರ್ಧ ತಕರಾರು ತಾನಾಗಿ ನಿಂತುಹೋಗುತ್ತಿತ್ತು. ಅನರ್ಹರು ಯಾದಿಗೆ ನುಸುಳುತ್ತಾರೆ ಎಂಬ ಭಯದಿಂದ ಬಾಗಿಲು ಬೇಗ ಮುಚ್ಚಿದಾಗ ಹೊರಗುಳಿಯುವವರು ಬಹುತೇಕ ಬಡವರೇ, ಏಕೆಂದರೆ ಮಣ್ಣಿನ ಮನೆಗಳಲ್ಲಿ ಇರುವುದು ಅವರೇ.

ಮನೆ ಕಟ್ಟುವ ಹಣ ಒಮ್ಮೆಗೇ ಬರುವುದಿಲ್ಲ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಅಡಿಪಾಯ, ಗೋಡೆ, ಚಾವಣಿ ಎಂದು ಹಂತಹಂತವಾಗಿ, ಪ್ರತಿ ಹಂತದಲ್ಲೂ ಜಿಪಿಎಸ್ ಫೋಟೊ ಆದ ಮೇಲೆ ಬಿಡುಗಡೆಯಾಗುತ್ತದೆ. ಮೊದಲ ಕಂತು ಬಂದ ಕೂಡಲೇ ದೊಡ್ಡ ಮನೆಗೆ ಅಡಿಪಾಯ ಹಾಕಿ, ಮೇಲೆ ಏರಿಸಲಾಗದೆ ಸಾಲಕ್ಕೆ ಬಿದ್ದವರಿದ್ದಾರೆ. ಒಟ್ಟು ಮೊತ್ತದಲ್ಲಿ ಮುಗಿಯುವಷ್ಟೇ ಮನೆಗೆ ಗೆರೆ ಎಳೆಯಿರಿ.

ಕಬ್ಬು ಹಸಿರಾಗಿದ್ದರೂ

ಮುಧೋಳದ ನದಿದಂಡೆ ಎಂದರೆ ಕಬ್ಬು. ಗೋವಿನಜೋಳ, ಅರಿಷಿಣವೂ ಉಂಟು, ಆದರೆ ಸಂಸಾರ ನಿಂತಿರುವುದು ಕಬ್ಬಿನ ಬಿಲ್ಲಿನ ಮೇಲೆ. ನೀರು ಸುಳಿ ಮುಚ್ಚಿ ನಾಲ್ಕೈದು ದಿನ ನಿಂತರೆ ಸುಳಿ ಕೊಳೆಯುತ್ತದೆ. ಮೇಲಿನಿಂದ ನೋಡಿದವರಿಗೆ ಕಬ್ಬು ಇನ್ನೂ ಹಸಿರಾಗಿಯೇ ಕಾಣುತ್ತದೆ. ರಸ್ತೆಯ ಮೇಲಿಂದ ನೋಡಿ ‘ಬೆಳೆ ನಿಂತಿದೆ’ ಎಂದು ಬರೆದರೆ ಮುಗಿಯಿತು. ಪರಿಹಾರಕ್ಕೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿರಬೇಕು ಎಂಬ ನಿಯಮವಿದೆ. ಆದ್ದರಿಂದ ಕಂದಾಯ ಮತ್ತು ಕೃಷಿ ಇಲಾಖೆಯ ಜಂಟಿ ಸಮೀಕ್ಷೆಯವರು ಬಂದಾಗ ಹೊಲದ ಒಳಗೆ ಕರೆದುಕೊಂಡು ಹೋಗಿ, ಸುಳಿ ಕಿತ್ತು ತೋರಿಸಿ, ಗಣಿಕೆ ಸೀಳಿ ತೋರಿಸಿ.

2022-26ರ ಮಾರ್ಗಸೂಚಿಯಂತೆ ಬೆಳೆ ಹಾನಿಗೆ ಹೆಕ್ಟೇರಿಗೆ ಒಣಬೇಸಾಯಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ 2 ಹೆಕ್ಟೇರ್ ಅಂದರೆ ಸುಮಾರು 5 ಎಕರೆಯವರೆಗೆ. 2025ರ ಮಳೆಹಾನಿಗೆ ರಾಜ್ಯ ಸರ್ಕಾರ ಎಲ್ಲ ವರ್ಗಕ್ಕೂ ಹೆಕ್ಟೇರಿಗೆ 8,500 ಹೆಚ್ಚುವರಿ ಸೇರಿಸಿತು, 2019ರಲ್ಲಿ 10,000 ಸೇರಿಸಿತ್ತು. ಈ ಲೆಕ್ಕವನ್ನು ಎಕರೆಗೆ ಇಳಿಸಿ ನೋಡಿ. ನೀರಾವರಿಯ 17,000 ಎಂದರೆ ಎಕರೆಗೆ 6,900 ರೂಪಾಯಿಯೂ ಆಗುವುದಿಲ್ಲ. ಎಕರೆಗೆ 40 ಟನ್ ಬರುವ ಹೊಲ, ಟನ್ನಿಗೆ 3,000 ರೂಪಾಯಿ ಎಂದಿಟ್ಟುಕೊಂಡರೂ ಕೈತಪ್ಪಿದ್ದು 1.20 ಲಕ್ಷ. ಸರ್ಕಾರ ಕೊಡುವುದು ಮುಂದಿನ ಬಿತ್ತನೆಗೆ ಒಂದು ಆಸರೆ, ಹೋದ ಬೆಳೆಯ ಬೆಲೆಯನ್ನು ಅದು ಕಟ್ಟಿಕೊಡುವುದಿಲ್ಲ. ಇದನ್ನು ಮೊದಲೇ ತಿಳಿದಿದ್ದರೆ ಪರಿಹಾರ ಬರುತ್ತದೆಂದು ನಂಬಿ ಕೈಗಡ ಮಾಡುವುದು ತಪ್ಪುತ್ತದೆ.

ಬೆಳೆಯ ಜೊತೆಗೆ ಹೊಲವೇ ಕೆಟ್ಟಿದ್ದರೆ ಅದಕ್ಕೆ ಬೇರೆ ಬಾಬ್ತು ಇದೆ, ಬಹಳ ಜನರಿಗೆ ಗೊತ್ತಿಲ್ಲ. ಹೊಲದಲ್ಲಿ 3 ಇಂಚಿಗಿಂತ ಹೆಚ್ಚು ಮರಳು ಅಥವಾ ಹೂಳು ಕುಳಿತಿದ್ದರೆ ತೆಗೆಯಲು ಹೆಕ್ಟೇರಿಗೆ 18,000, ನದಿ ದಿಕ್ಕು ತಿರುಗಿ ಜಮೀನೇ ಕೊಚ್ಚಿ ಹೋಗಿದ್ದರೆ ಹೆಕ್ಟೇರಿಗೆ 47,000. ಇವು ಸಣ್ಣ ಮತ್ತು ಅತಿ ಸಣ್ಣ ರೈತರಿಗೆ. ಅಡಿಪಟ್ಟಿ ಇಟ್ಟು ಹೂಳಿನ ದಪ್ಪ ಕಾಣುವಂತೆ ಫೋಟೊ ತೆಗೆದಿಡಿ. ದಂಡೆಯ ಮೇಲಿನ ಪಂಪ್‌ಸೆಟ್ಟು, ಪೈಪು, ಸ್ಟಾರ್ಟರುಗಳ ಮಾತು ಬೇರೆ. ಕೇಂದ್ರದ ಮಾರ್ಗಸೂಚಿ ರೈತನ ಸ್ವಂತ ಮೋಟಾರಿಗೆ ದರ ಕೊಟ್ಟಿಲ್ಲ. ನದಿ ನೀರಾವರಿಯ ನಾಡಿನಲ್ಲಿ ಇದು ದೊಡ್ಡ ಕೊರತೆ. ಮೋಟಾರನ್ನು ಹೊಳೆ ಬರುವ ಮುಂಚೆ ಎತ್ತಿಡುವುದೊಂದೇ ಈಗ ಉಳಿದಿರುವ ದಾರಿ.

ಹಣ ಬರುವುದು ಪರಿಹಾರ ತಂತ್ರಾಂಶದ ಮೂಲಕ, ನೇರ ಆಧಾರ್ ಜೋಡಣೆಯ ಖಾತೆಗೆ. ಅದು ತಪ್ಪುವ ಕಾರಣಗಳು ನಾಲ್ಕೇ. ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆಯಲ್ಲಿ ಎಲ್ಲ ಸರ್ವೆ ನಂಬರು ಸೇರಿರುವುದಿಲ್ಲ. ಬೆಳೆ ಸಮೀಕ್ಷೆಯಲ್ಲಿ ಕಬ್ಬಿನ ಹೊಲ ಗೋವಿನಜೋಳ ಎಂದು ದಾಖಲಾಗಿರುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದರೂ ನೇರ ಹಣ ಜಮೆಗೆ ಬೇಕಾದ ಎನ್‌ಪಿಸಿಐ ಜೋಡಣೆ ಆಗಿರುವುದಿಲ್ಲ. ಇಲ್ಲವೇ ಉತಾರದಲ್ಲಿ ತೀರಿಕೊಂಡ ತಂದೆಯ ಹೆಸರೇ ಉಳಿದಿರುತ್ತದೆ. ಮೊದಲ ಮೂರು ಕೆಲಸ ರೈತ ಸಂಪರ್ಕ ಕೇಂದ್ರ ಮತ್ತು ಬ್ಯಾಂಕಿನಲ್ಲಿ ಒಂದೊಂದು ದಿನದಲ್ಲಿ ಆಗುವಂಥವು. ಬೆಳೆ ಸಮೀಕ್ಷೆಯ ದಾಖಲೆಯನ್ನು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡಿ ಆಕ್ಷೇಪಣೆ ಹಾಕಬಹುದು. ವಾರಸಾ ಮಾತ್ರ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದನ್ನು ಇಂದೇ ಶುರು ಮಾಡಿ.

ಲಾವಣಿ ಹಿಡಿದವರು, ಮಗ್ಗದವರು

ಬೇರೆಯವರ ಹೊಲ ಲಾವಣಿ ಹಿಡಿದು ದುಡಿದವರ ಗತಿ ಇನ್ನೂ ಕಷ್ಟದ್ದು. ಬೀಜ, ಗೊಬ್ಬರ, ಬೆವರು ಅವರದು, ಪರಿಹಾರ ಉತಾರದಲ್ಲಿ ಹೆಸರಿರುವವರ ಖಾತೆಗೆ. ಲಾವಣಿ ಮಾತಾಡುವಾಗಲೇ ‘ಸರ್ಕಾರದಿಂದ ಬೆಳೆ ಪರಿಹಾರ ಬಂದರೆ ಅದು ದುಡಿದವನಿಗೆ’ ಎಂದು ಒಂದು ಚೀಟಿಯಲ್ಲಿ ಬರೆದು ಇಬ್ಬರು ಹಿರಿಯರ ಸಹಿ ಹಾಕಿಸಿಕೊಳ್ಳಿ. ಸರ್ಕಾರಿ ಕಚೇರಿಯಲ್ಲಿ ಆ ಚೀಟಿಗೆ ಬೆಲೆ ಕಡಿಮೆ ಇರಬಹುದು, ಊರ ಪಂಚಾಯ್ತಿಕೆಯಲ್ಲಿ ಇದೆ.

ರಬಕವಿ-ಬನಹಟ್ಟಿಯ ನೇಕಾರರಿಗೂ ಇಂಥದೇ ಪೆಟ್ಟು. ಮಾರ್ಗಸೂಚಿಯಲ್ಲಿ ಕೈಮಗ್ಗ ಮತ್ತು ಕರಕುಶಲ ಕೆಲಸಗಾರರಿಗೆ ಉಪಕರಣ ಹಾನಿಗೆ 5,000, ಕಚ್ಚಾಮಾಲು ಅಥವಾ ತಯಾರಾದ ಮಾಲಿನ ಹಾನಿಗೆ 5,000 ರೂಪಾಯಿ ಇದೆ. ಈ ಊರುಗಳ ಹೊಟ್ಟೆ ತುಂಬಿಸುತ್ತಿರುವುದು ಬಹುಮಟ್ಟಿಗೆ ವಿದ್ಯುತ್ ಮಗ್ಗ. ಮನೆಯ ತಗ್ಗಿನಲ್ಲಿ ಕೂರಿಸಿದ ಮಗ್ಗಕ್ಕೆ ನೀರು ಹೊಕ್ಕರೆ ಮೋಟಾರು, ನೂಲಿನ ಬೀಮು, ನೇಯ್ದಿಟ್ಟ ಸೀರೆ ಎಲ್ಲ ಹಾಳಾಗುತ್ತವೆ. ಇದಕ್ಕೆ ರಾಜ್ಯ ಸರ್ಕಾರ ಪ್ರತ್ಯೇಕ ಆದೇಶ ಹೊರಡಿಸಬೇಕಾಗುತ್ತದೆ, ಆ ಆದೇಶ ಬರುವುದು ಕೇಳಿದಾಗ ಮಾತ್ರ. ಮಗ್ಗದ ಮನೆಯ ಪಂಚನಾಮೆಯಲ್ಲಿ ಮಗ್ಗಗಳ ಸಂಖ್ಯೆ ಮತ್ತು ನೆಂದ ಮಾಲಿನ ತೂಕ ಬರೆಸಿ, ಜವಳಿ ಇಲಾಖೆಗೂ ಒಂದು ಪ್ರತಿ ಕೊಡಿ. ವಿದ್ಯುತ್ ಮಗ್ಗದವರನ್ನು ಕಾಯಂ ಆಗಿ ಪರಿಹಾರದ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು.

ವಿಮೆ ಮತ್ತು ಸಾಲ

ಫಸಲ್ ಬಿಮಾ ಯೋಜನೆಯಲ್ಲಿ ಬೆಳೆಗೆ ವಿಮೆ ಇದ್ದರೆ ಸ್ಥಳೀಯ ವಿಕೋಪದ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಸಹಾಯವಾಣಿ 14447. ಸರ್ಕಾರದ ಪರಿಹಾರ ಬೇರೆ, ವಿಮೆ ಬೇರೆ. ಒಂದಕ್ಕೆ ಅರ್ಜಿ ಕೊಟ್ಟರೆ ಇನ್ನೊಂದಕ್ಕೆ ಕೊಟ್ಟಂತಾಗುವುದಿಲ್ಲ. ನಿಮ್ಮ ಹೋಬಳಿಯಲ್ಲಿ ಯಾವ ಬೆಳೆಗೆ ವಿಮೆ ಇದೆ ಎಂಬುದನ್ನು ಮುಂಗಾರಿಗೆ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಸಾಲದ ವಿಷಯಕ್ಕೆ ಬಂದರೆ, ವಿಕೋಪದ ಸಂದರ್ಭದ ಬಗ್ಗೆ ರಿಸರ್ವ್ ಬ್ಯಾಂಕ್ 2018ರಲ್ಲಿ ಕೊಟ್ಟ ನಿರ್ದೇಶನ, ಶೇ 33ಕ್ಕಿಂತ ಹೆಚ್ಚು ಬೆಳೆ ಹಾನಿಯಾದ ಕಡೆ ಬೆಳೆಸಾಲದ ಅವಧಿಯನ್ನು ಮರುಹೊಂದಿಸಲು ದಾರಿ ಮಾಡಿಕೊಟ್ಟಿತು. ಬ್ಯಾಂಕಿನವರು ತಾವಾಗಿ ಹೇಳುವುದು ಅಪರೂಪ. ಪಂಚನಾಮೆಯ ಪ್ರತಿ ಹಿಡಿದು ಹೋಗಿ ಬರಹದಲ್ಲೇ ಕೇಳಿ.

ಹೆಸರು ಬಿಟ್ಟುಹೋದರೆ

ಫಲಾನುಭವಿಗಳ ಯಾದಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸುತ್ತಾರೆ, ಆಕ್ಷೇಪಣೆಗೆ ಕೆಲವೇ ದಿನ ಇರುತ್ತದೆ. ಆ ದಿನಗಳಲ್ಲಿ ತಹಶೀಲ್ದಾರರಿಗೆ ಬರಹದ ಆಕ್ಷೇಪಣೆ, ಉತ್ತರ ಬರದಿದ್ದರೆ ಜಮಖಂಡಿಯ ಉಪವಿಭಾಗಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ಬಾಗಲಕೋಟೆಯಲ್ಲಿ ಜಿಲ್ಲಾಧಿಕಾರಿಗೆ. ಜೊತೆಯಲ್ಲೇ 1902ಕ್ಕೆ ಕರೆ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆಯಿರಿ. ನಿಮ್ಮ ಮನೆಯ ಸಮೀಕ್ಷಾ ವರದಿಯಲ್ಲಿ ಏನು ಬರೆದಿದೆ ಎಂದು ತಿಳಿಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಸಾಕು. ಬಿಪಿಎಲ್ ಕುಟುಂಬಕ್ಕೆ ಆ ಶುಲ್ಕವೂ ಇಲ್ಲ. 30 ದಿನದೊಳಗೆ ಉತ್ತರ ಬರಲೇಬೇಕು. ಹಣ ಕೊಟ್ಟರೆ ಹೆಸರು ಸೇರಿಸುತ್ತೇನೆ ಎನ್ನುವ ದಲ್ಲಾಳಿ ಪ್ರತಿ ಪ್ರವಾಹದ ಹಿಂದೆಯೂ ಬರುತ್ತಾನೆ. ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ತಾಲ್ಲೂಕು ಕಚೇರಿಯ ಮೇಲಷ್ಟೇ ಸಿಟ್ಟಾಗುವ ಮುಂಚೆ ಹಣ ಎಲ್ಲಿಂದ ಬರಬೇಕು ಎಂಬುದನ್ನೂ ನೋಡಬೇಕು. ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ಕೇಂದ್ರದ ಪಾಲು ಶೇ 75, ರಾಜ್ಯದ್ದು 25. ಅದು ಸಾಲದಾದಾಗ ರಾಷ್ಟ್ರೀಯ ನಿಧಿಗೆ ಕೈಯೊಡ್ಡಬೇಕು. 2019ರಲ್ಲಿ ಕರ್ನಾಟಕ ಅಂದಾಜು ಮಾಡಿದ ನಷ್ಟ 35,160 ಕೋಟಿ ರೂಪಾಯಿ. ಆಗಸ್ಟ್‌ನಲ್ಲಿ ಬಂದ ಪ್ರವಾಹಕ್ಕೆ ಕೇಂದ್ರದ ಮಧ್ಯಂತರ ನೆರವು 1,200 ಕೋಟಿ ಬಂದದ್ದು ಅಕ್ಟೋಬರ್‌ನಲ್ಲಿ. ಬೆಂಗಳೂರಿನಲ್ಲಿ ಆ ಆಗಸ್ಟ್‌ನ ಮೊದಲ ವಾರಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಅವರೊಬ್ಬರೇ ಇದ್ದರು, ಸಂಪುಟವೇ ರಚನೆಯಾಗಿರಲಿಲ್ಲ. ಕೆಳಗಿನ ತಲಾಠಿ, ಪಿಡಿಒ, ಪೊಲೀಸ್, ಆಶಾ ಕಾರ್ಯಕರ್ತೆಯರು ಊರು ಹಿಡಿದು ನಿಂತರು. ಮೇಲಿನ ಹಂತದ ವಿಳಂಬಕ್ಕೆ ಬೈಗುಳ ತಿಂದವರೂ ಅವರೇ.

ಮತ್ತೆ ಅದೇ ಜಾಗದಲ್ಲೇ?

ಪ್ರತಿ ಸಲವೂ ಶಾಶ್ವತ ಸ್ಥಳಾಂತರದ ಮಾತು ಏಳುತ್ತದೆ. 2009ರ ಪ್ರವಾಹದ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಹೊಸ ಊರುಗಳೇ ಎದ್ದವು, ದಾನಿಗಳೂ ಕೈಜೋಡಿಸಿದರು. ಹಲವು ಕಡೆ ಆ ಮನೆಗಳಲ್ಲಿ ಜನ ನೆಲೆ ನಿಲ್ಲಲಿಲ್ಲ. ಕಾರಣ ಮನೆಯ ಗೋಡೆಗಿಂತ ಅಂಗಳದಲ್ಲಿದೆ. ಎರಡು ಎತ್ತು, ಒಂದು ಎಮ್ಮೆ, ಕಣಕಿಯ ಬಣವೆ, ಚಕ್ಕಡಿ ನಿಲ್ಲಿಸುವ ಜಾಗ ಇಲ್ಲದ ನಿವೇಶನ ಒಕ್ಕಲು ಮನೆತನಕ್ಕೆ ಸಾಲುವುದಿಲ್ಲ. ಹೊಲ ಹೊಳೆ ದಂಡೆಯಲ್ಲೇ ಉಳಿದು ಮನೆ ದೂರ ಹೋದರೆ ದಿನವೂ ಓಡಾಡುವವರು ಯಾರು? ಜಾಗ ಆರಿಸುವ ಮೊದಲು ಗ್ರಾಮಸಭೆ ಕರೆದು, ಅದರಲ್ಲೂ ದನ ಸಾಕುವ ಹೆಣ್ಣುಮಕ್ಕಳನ್ನು ಕೇಳಿ ಎಂಬ ಷರತ್ತನ್ನು ಊರಿನವರೇ ಹಾಕಬೇಕು. ನಿವೇಶನದ ಅಳತೆ, ಕುಡಿಯುವ ನೀರು, ಸ್ಮಶಾನ, ಹೊಲದ ದಾರಿ ಇವು ಠರಾವಿನಲ್ಲಿ ಬರೆದಿರಬೇಕು. 15ನೇ ಹಣಕಾಸು ಆಯೋಗ ವಿಪತ್ತು ನಿಧಿಯ ಶೇ 20ರಷ್ಟನ್ನು ಅಪಾಯ ತಗ್ಗಿಸುವ ಕಾಮಗಾರಿಗಳಿಗೆಂದೇ ತೆಗೆದಿಟ್ಟಿತು. ದಂಡೆಗೆ ತಡೆಗೋಡೆ, ಸೇತುವೆ ಎತ್ತರಿಸುವುದು, ದನಗಳಿಗೆ ಎತ್ತರದ ಕಟ್ಟೆ ಇಂಥವನ್ನು ಗ್ರಾಮಸಭೆಯ ಠರಾವಿನ ಮೂಲಕ ಕೇಳಿ.

ಕೇಳಿ ಪಡೆಯುವುದರಲ್ಲಿ, ಪಡೆಯದಿದ್ದಾಗ ತಾವೇ ನಿಂತು ಮಾಡುವುದರಲ್ಲಿ ಈ ಸೀಮೆಯವರು ಹಿಂದೆ ಬಿದ್ದವರಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ವಂತಿಗೆ ಹಾಕಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜನ್ನೇ ಕಟ್ಟಿ ನಿಲ್ಲಿಸಿದರು.

ಇದನ್ನು ಓದುತ್ತಿರುವವರಲ್ಲಿ ಒಂದು ಮನವಿ. ನಿಮ್ಮ ಓಣಿಯಲ್ಲಿ ಓದು ಬಾರದ ಹಿರಿಯರು, ಒಂಟಿ ಹೆಣ್ಣುಮಕ್ಕಳು, ಕೂಲಿಗೆ ಬೆಳಗಾವಿ-ಪುಣೆಗೆ ಹೋದವರ ಬೀಗ ಹಾಕಿದ ಮನೆಗಳು ಇವೆ. ಮುಂದಿನ ಜೂನ್ ಬರುವ ಮುಂಚೆ ಅಂಥ ಎರಡು ಮನೆಯವರ ಫ್ರೂಟ್ಸ್ ಸಂಖ್ಯೆ, ಬ್ಯಾಂಕ್ ಜೋಡಣೆ, ವಾರಸಾ ಸರಿ ಇದೆಯೇ ಎಂದು ಕೂತು ನೋಡಿ. ಯಾದಿ ಗೋಡೆಗೆ ಬಿದ್ದ ದಿನ ನಿಮ್ಮ ಹೆಸರಿನ ಜೊತೆಗೆ ಅವರ ಹೆಸರನ್ನೂ ಹುಡುಕಿ. ಇಲ್ಲದಿದ್ದರೆ ಅಂದೇ ಅವರ ಪರವಾಗಿ ಆಕ್ಷೇಪಣೆ ಬರೆದು ಕೊಡಿ.